ನಳದ ಮುಂದಿನ ಜಗಳ

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಹಳೇ ಕಲೆ ಇದೆ. ತಾಮ್ರದ ಕೊಡದ ಅಂಚು ತಾಗಿ ಆದದ್ದು. 1992ರ ಬೇಸಿಗೆ, ನನಗೆ ಒಂಬತ್ತು ವರ್ಷ, ರಾತ್ರಿ ಎರಡು ಗಂಟೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಯಾವ ಹೊತ್ತಿಗೆ ಅಂತ ದೇವರಿಗೂ ಗೊತ್ತಿರಲಿಲ್ಲ. ಮೊದಲು ನಳದಲ್ಲಿ ಸುಸ್ ಅಂತ ಗಾಳಿ ಬರುವ ಸದ್ದು ಯಾರಿಗೋ ಕೇಳಿಸುತ್ತಿತ್ತು. ಆಮೇಲೆ ಒಂದೊಂದೇ ಬಾಗಿಲು ತೆರೆದು ಕೊಡ, ಬಕೆಟ್, ಎಣ್ಣೆ ಡಬ್ಬಿ, ಅರೆನಿದ್ದೆಯ ಮಕ್ಕಳು ಎಲ್ಲ ಹೊರಗೆ. ಅವತ್ತು ಬಾಜೂ ಮನೆಯ ಖಾಲಾಗೂ ನಮ್ಮ ಅವ್ವನಿಗೂ ಪಾಳಿಗಾಗಿ ಜಗ್ಗಾಟ ಆಯಿತು. ನಡುವೆ ನನ್ನ ಕೈ ಸಿಕ್ಕಿತು.

ಬೆಳಗ್ಗೆ ಏಳು ಗಂಟೆಗೆ ಅದೇ ಖಾಲಾ ಗಾಯಕ್ಕೆ ಅರಿಶಿನ ಹಚ್ಚಲು ಬಂದಳು. "ಯವ್ವಾ, ಕೂಸಿನ ಕೈಗೆ ಎಷ್ಟ್ ಹತ್ತೇತಿ ನೋಡು, ಹೆತ್ತಾಕಿ ಆಗಿ ಕಣ್ಣು ಎಲ್ಲಿಟ್ಟಿದ್ದಿ?" ಅಂತ ಅವ್ವನನ್ನೇ ಬೈದಳು. ಅವ್ವ ಚಹಾ ಮಾಡಿಕೊಟ್ಟಳು. ಎಂಟು ದಿನ ಬಿಟ್ಟು ಇಬ್ಬರೂ ಮತ್ತೆ ಅದೇ ನಳದ ಮುಂದೆ ಸೆರಗು ಸಿಗಿಸಿ ನಿಂತಿದ್ದರು.

ಈ ಕಲೆ ಮತ್ತೆ ನೆನಪಾದದ್ದು ಮೊನ್ನೆ, ಉಣಕಲ್ ಕೆರೆ ದಂಡೆಯ ಮೇಲೆ. ರವಿವಾರ ಬೆಳಗ್ಗೆ ನಾನೂ ನನ್ನ ಗೆಳೆಯನೂ ಅಲ್ಲಿ ನಡೆಯಲು ಹೋಗುತ್ತೇವೆ. ನಡೆಯುವುದಕ್ಕಿಂತ ಜಾಸ್ತಿ ವಾದ ಮಾಡುತ್ತೇವೆ. ಅವನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಾಸ್ತರ. ಯುದ್ಧದ ಸುದ್ದಿ ಬಂದಾಗಲೆಲ್ಲ ಅವನದು ಒಂದೇ ಮಾತು: "ರಕ್ತದಾಗ ಐತಿ ದೋಸ್ತ. ಮಂಗ್ಯಾನ ಕಾಲದಿಂದ ಬಂದದ್ದು, ಎಲ್ಲಿಗೆ ಹೋಗ್ತೈತಿ?" ನನ್ನದೂ ಒಂದೇ ಮಾತು: ಜನ ಕೆಟ್ಟವರಲ್ಲ, ವ್ಯವಸ್ಥೆ ಕೆಟ್ಟದ್ದು. ಎಷ್ಟು ಸಲ ಹೇಳಿದ್ದೇವೆ ಅಂದರೆ, ಅಲ್ಲಿಯ ಚಹಾದಂಗಡಿಯವನು ನಮ್ಮಿಬ್ಬರ ಬದಲು ತಾನೇ ವಾದ ಮುಂದುವರಿಸಬಲ್ಲ.

ಅವನ ಹತ್ತಿರ ಸಾಕ್ಷಿ ಗಟ್ಟಿ ಇದೆ, ಅದನ್ನು ಒಪ್ಪಬೇಕು. ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ವರ್ಷಗಟ್ಟಲೆ ಚಿಂಪಾಂಜಿಗಳನ್ನು ನೋಡುತ್ತ ಕೂತಿದ್ದರು. ಇವು ನಮಗಿಂತ ಒಳ್ಳೆಯ ಪ್ರಾಣಿಗಳು ಅಂತಲೇ ಮೊದಮೊದಲು ಅವರು ನಂಬಿದ್ದರು. ಆಮೇಲೆ ಒಂದೇ ಗುಂಪು ಒಡೆದು ಎರಡಾಯಿತು. 1974ರಿಂದ 1978ರ ನಡುವೆ ದೊಡ್ಡ ಗುಂಪಿನ ಗಂಡುಗಳು ಚಿಕ್ಕ ಗುಂಪಿನ ಗಂಡುಗಳನ್ನು ಒಂಟಿಯಾಗಿ ಸಿಕ್ಕಾಗ ಹಿಡಿದು, ಒಂದಾದ ಮೇಲೊಂದರಂತೆ ಮುಗಿಸಿದವು. ಕೂಡಿ ಬೆಳೆದವು, ಒಂದರ ಮೈಯ ಹೇನು ಇನ್ನೊಂದು ಹೆಕ್ಕಿದವು. ಅಲ್ಲಿ ಸರ್ಕಾರ ಇಲ್ಲ, ಧರ್ಮ ಇಲ್ಲ, ಹೊಲದ ಉತಾರ (ಪಹಣಿ) ಇಲ್ಲ. ಬಾಳೆಹಣ್ಣು ಹಾಕಿ ಹಾಕಿ ಮನುಷ್ಯರೇ ಅವನ್ನು ಕೆಡಿಸಿದರು ಅಂತ ನನ್ನಂಥವರು ಬಹಳ ದಿನ ವಾದಿಸಿದರು. 2014ರಲ್ಲಿ 18 ಚಿಂಪಾಂಜಿ ಗುಂಪುಗಳ ಲೆಕ್ಕ ಒಟ್ಟಿಗೆ ತೆಗೆದು ನೋಡಿದಾಗ ಆ ವಾದ ನಿಲ್ಲಲಿಲ್ಲ. ಮನುಷ್ಯರ ಕಾಟಕ್ಕೂ ಆ ಕೊಲೆಗಳಿಗೂ ಸಂಬಂಧ ಕಾಣಲಿಲ್ಲ.

ಆದರೆ ಕಾಂಗೋ ನದಿಯ ದಕ್ಷಿಣಕ್ಕೆ ಬೊನೊಬೊಗಳಿವೆ. ನಮಗೆ ಚಿಂಪಾಂಜಿಯಷ್ಟೇ ಹತ್ತಿರದ ಬಳಗ. ಹೀಗೆ ಗುಂಪು ಕಟ್ಟಿಕೊಂಡು ಕೊಲ್ಲುವುದು ಅವುಗಳಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಹೆಣ್ಣುಗಳು ಒಗ್ಗಟ್ಟಾಗಿ ಗಂಡುಗಳನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಬಳಗದಲ್ಲಿ ಇಬ್ಬರು ಕಾಕಾಗಳಿದ್ದಾಗ ಕುಡುಕ ಕಾಕಾನನ್ನೇ ತೋರಿಸಿ "ನಿಮ್ಮ ಮನೆತನಾನ ಹಿಂಗ" ಅಂದರೆ ಅದು ನ್ಯಾಯ ಅಲ್ಲ, ಅಲ್ವಾ?

ನನ್ನ ಕಡೆಯ ಸಾಕ್ಷಿಯೂ ಅಷ್ಟು ಸುಖದ್ದಲ್ಲ. 1986ರಲ್ಲಿ ಸ್ಪೇನ್ ದೇಶದ ಸೆವಿಲ್‌ನಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ ಒಂದು ಹೇಳಿಕೆ ಬರೆದರು. ಯುದ್ಧ ನಮ್ಮ ವಂಶವಾಹಿಯಲ್ಲೇ ಬರೆದಿದೆ ಅನ್ನುವುದು ವಿಜ್ಞಾನದ ಪ್ರಕಾರ ತಪ್ಪು ಅಂತ. 1989ರಲ್ಲಿ ಯುನೆಸ್ಕೋ ಅದನ್ನು ಒಪ್ಪಿಕೊಂಡಿತು. ಕಾಲೇಜಿನಲ್ಲಿದ್ದಾಗ ಅದನ್ನು ಓದಿ ನನಗೆ ಬಹಳ ಸಂತೋಷವಾಗಿತ್ತು. ಈಗ ಓದಿದರೆ ಗ್ರಾಮಸಭೆಯ ಠರಾವಿನ ಹಾಗೆ ಕಾಣುತ್ತದೆ. ಒಳ್ಳೆಯ ಮನಸ್ಸಿನಿಂದ ಬರೆದದ್ದು ಹೌದು, ಆದರೆ ಕೈ ಎತ್ತಿಸಿ ಪಾಸು ಮಾಡಿದರೆ ಮಂಗ್ಯಾನ ಸ್ವಭಾವ ಬದಲಾಗುತ್ತದೆಯೇ?

ಆ ಹೇಳಿಕೆಗಿಂತ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅಮೆರಿಕದ ಒಂದು ಬೇಸಿಗೆ ಶಿಬಿರ. 1954, ಒಕ್ಲಹೋಮ. ಮುಜಾಫರ್ ಶೆರಿಫ್ ಅನ್ನುವ ಮನಶ್ಶಾಸ್ತ್ರಜ್ಞ 22 ಹುಡುಗರನ್ನು ಕರೆದುಕೊಂಡು ಹೋದರು. ಎಲ್ಲರೂ ಹನ್ನೊಂದರ ಆಸುಪಾಸಿನವರು, ಒಂದೇ ತರಹದ ಮನೆಯವರು, ಒಂದೇ ಧರ್ಮದವರು. ಎರಡು ಗುಂಪು ಮಾಡಿ, ಹಗ್ಗ ಜಗ್ಗಾಟ, ಚೆಂಡಾಟ ಇಟ್ಟು, ಗೆದ್ದವರಿಗಷ್ಟೇ ಚಾಕು ಬಹುಮಾನ ಅಂದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ರಾತ್ರಿ ಕೋಣೆಗೆ ನುಗ್ಗಿದರು. ಆಮೇಲೆ ಶಿಬಿರದಲ್ಲಿ ಕುಡಿಯುವ ನೀರು ನಿಂತಿತು. ಎರಡೂ ಗುಂಪು ಸೇರಿ ಗುಡ್ಡ ಹತ್ತಿ, ಟ್ಯಾಂಕು ಹುಡುಕಿ ಸರಿಮಾಡಿದರು, ಸಿಟ್ಟು ಸ್ವಲ್ಪ ಇಳಿಯಿತು. ಎಲ್ಲರೂ ಹೇಳುವ ನೀತಿ ಇದು: ಕೂಡಿ ಮಾಡುವ ಕೆಲಸ ಕೊಟ್ಟರೆ ಜನ ಒಂದಾಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಆ ನೀರಿನ ವಾಲ್ವ್ ಬಂದ್ ಮಾಡಿ ಕಲ್ಲು ಮುಚ್ಚಿದವರು ಯಾರು? ಪ್ರಯೋಗ ಮಾಡುವವರೇ. ಬಹುಮಾನ ಇಟ್ಟವರೂ ಅವರೇ. ಹುಡುಗರಿಗೆ ಅದು ಗೊತ್ತಿರಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು ಅದೇ ಶೆರಿಫ್ ನ್ಯೂಯಾರ್ಕ್ ಕಡೆ ಇಂಥದ್ದೇ ಶಿಬಿರ ಮಾಡಿ ಸೋತಿದ್ದರು. ಅಲ್ಲಿ ಹುಡುಗರು ಮೊದಲು ಒಟ್ಟಿಗಿದ್ದು ಗೆಳೆಯರಾಗಿದ್ದರು, ಆಮೇಲೆ ಗುಂಪು ಮಾಡಿದರೆ ಜಗಳವೇ ಹತ್ತಲಿಲ್ಲ. ದೊಡ್ಡವರೇ ಏನೋ ಕಿತಾಪತಿ ಮಾಡುತ್ತಿದ್ದಾರೆ ಅಂತ ಹುಡುಗರಿಗೆ ಸಂಶಯ ಬಂತು. ಪ್ರಯೋಗ ಅಲ್ಲಿಗೇ ನಿಂತಿತು.

ಇದನ್ನು ಓದಿ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಯಾಕೆಂದರೆ ಅವ್ವ ಮತ್ತು ಖಾಲಾ ಕೂಡ ಮೊದಲೇ ಗೆಳತಿಯರು. ಆದರೂ ಜಗ್ಗಾಡಿದರು. ಚಾಕು ಸಿಗದಿದ್ದರೆ ಹುಡುಗರಿಗೆ ನಡೆಯುತ್ತದೆ, ನೀರು ಸಿಗದಿದ್ದರೆ ಮನೆ ನಡೆಯುವುದಿಲ್ಲ. ಇನ್ನೊಂದು, ನಮ್ಮ ಓಣಿಯಲ್ಲಿ ಯಾರಿಗೂ ಆ ಹುಡುಗರಿಗೆ ಬಂದ ಸಂಶಯ ಬರಲಿಲ್ಲ. ಮೂವತ್ತು ಮನೆಗೆ ಒಂದು ನಳ ಅಂತ ತೀರ್ಮಾನ ಮಾಡಿದವರ ಮುಖ ನಾವು ಯಾರೂ ನೋಡಿರಲಿಲ್ಲ. ನೀರು ಬಿಡುವ ಮನುಷ್ಯ ಸೈಕಲ್ಲಿನ ಮೇಲೆ ಬಂದು, ಉದ್ದನೆಯ ಕಬ್ಬಿಣದ ಕೀಲಿ ತಿರುವಿ ಹೋಗಿಬಿಡುತ್ತಿದ್ದ. ಅವನಿಗೆ ನಾವು ಬೈದದ್ದೇ ನೆನಪಿಲ್ಲ. ಬೈದರೆ ಮುಂದಿನ ಸಲ ಹತ್ತು ದಿನ ಆದರೆ? ಕೈಗೆ ಸಿಗುವವಳು ಖಾಲಾ. ಆದ್ದರಿಂದ ಸಿಟ್ಟೆಲ್ಲ ಖಾಲಾನ ಮೇಲೆ.

2008ರ ಹೊತ್ತಿಗೆ ನಮ್ಮೂರಲ್ಲೇ ಒಂದು ಪ್ರಯೋಗ ಆಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ವಿಶ್ವ ಬ್ಯಾಂಕಿನ ಸಾಲದಲ್ಲಿ ದಿನದ 24 ತಾಸೂ ನೀರು ಕೊಡಲು ಶುರು ಮಾಡಿದರು. ನನ್ನ ಸೋದರತ್ತೆಯ ಮನೆ ಅಂಥ ವಾರ್ಡಿನಲ್ಲಿತ್ತು, ನಮ್ಮದು ಇರಲಿಲ್ಲ. ಊರು ಅದೇ, ನೀರು ಅದೇ ಮಲಪ್ರಭೆಯದು, ಜನ ಅದೇ ಥರದವರು, ಬೈಗುಳ ಕೂಡ ಅವೇ. ಅತ್ತೆಯ ಓಣಿಯಲ್ಲಿ ನಳದ ಜಗಳ ಅನ್ನುವುದೇ ಹೋಯಿತು. ಯಾರೂ ಪ್ರವಚನ ಕೇಳಿ ಒಳ್ಳೆಯವರಾಗಲಿಲ್ಲ, ಪೈಪು ಬದಲಾಯಿತು ಅಷ್ಟೆ. ಆದರೂ ಅತ್ತೆ ಎರಡು ವರ್ಷ ಬ್ಯಾರಲ್ಲು ಒಗೆಯಲಿಲ್ಲ. ದಿನಾ ಚೆಲ್ಲಿ ದಿನಾ ತುಂಬುತ್ತಿದ್ದಳು. "ನಾಳೆ ಬರ್ಲಿಲ್ಲಂದ್ರ?" ಅನ್ನುತ್ತಿದ್ದಳು. ನೀರು ಬಂದಷ್ಟು ಬೇಗ ನಂಬಿಕೆ ಬರುವುದಿಲ್ಲ.

ಈ ಉದಾಹರಣೆ ಹೇಳಿದಾಗ ಗೆಳೆಯ ಸುಮ್ಮನಾಗಿದ್ದ. ನಾನು ಗೆದ್ದೆ ಅಂದುಕೊಂಡೆ. ಗೆದ್ದ ಹುರುಪಿನಲ್ಲಿ ನವಲಗುಂದದ ಮಾತೂ ಎತ್ತಿದೆ. ನಮ್ಮ ಮೂಲ ಊರು ಆ ತಾಲ್ಲೂಕಿನದು, ಎರಿ ಭೂಮಿ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಕಟ್ಟಿ ಕಾಲುವೆ ಬಂದಮೇಲೆ ಮೇಲಿನ ಹೊಲದವರಿಗೂ ಕಾಲುವೆಯ ಕೊನೆಯವರಿಗೂ ಯಾವಾಗಲೂ ತಿಕ್ಕಾಟ. ರಾತ್ರಿ ಸಲಿಕೆ ಹಿಡಿದು ಕಾಲುವೆ ಒಡೆಯುವುದು, ಬೆಳಗ್ಗೆ ಬಡಿದಾಡುವುದು. ಅಂಥ ಜನ 1980ರಲ್ಲಿ ಒಂದಾದರು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಬೇಕು ಅಂದಾಗ, ಪಕ್ಕದ ಹೊಲದವನ ಕಡೆ ನೋಡುತ್ತಿದ್ದ ಕಣ್ಣುಗಳೆಲ್ಲ ಮೊದಲ ಸಲ ಕಚೇರಿಯ ಕಡೆ ತಿರುಗಿದವು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಇವತ್ತಿಗೂ ಆ ದಿನ ಹುತಾತ್ಮ ದಿನ. ಅದು ಜಗಳವೇ, ಅದರಲ್ಲಿ ಸಂಶಯ ಇಲ್ಲ. ಆದರೆ ಆ ಜಗಳ ನಡೆಯಬಾರದಿತ್ತು ಅಂತ ನಮ್ಮೂರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಇಂಥದ್ದೇ ಒಂದು ತಿರುವು. ಆ ಕಾಲದ ಹಳ್ಳಿ ಸಂಘಗಳಲ್ಲಿ ಒಬ್ಬ ಸಾಲ ಮುಳುಗಿಸಿದರೆ ಉಳಿದ ಸದಸ್ಯರ ಆಸ್ತಿಗೂ ಬರುತ್ತಿತ್ತು. ಅಂದರೆ ಪಕ್ಕದವನ ಬೆಳೆ ಒಣಗಿದರೆ ನನಗೂ ನಿದ್ದೆ ಬರಬಾರದು, ಹಾಗೆ ಮಾಡಿಟ್ಟಿದ್ದರು. ಪ್ರೀತಿ ಮಾಡಿ ಅಂತ ಹೇಳಲಿಲ್ಲ, ಲೆಕ್ಕವನ್ನೇ ಹಾಗೆ ಬರೆದರು.

ಹುಬ್ಬಳ್ಳಿಯಲ್ಲಿ ಬೆಳೆದವನು ಈ ವಿಷಯ ಬರೆಯುತ್ತ 1994ರ ಆಗಸ್ಟ್ 15 ಬಿಟ್ಟರೆ ಅದು ಕಳ್ಳತನ ಆಗುತ್ತದೆ. ಈದ್ಗಾ ಮೈದಾನ, ಅಲ್ಲಿ ಹಾರಿಸಬೇಕೆಂದ ಒಂದು ಬಾವುಟ, ಗೋಲಿಬಾರ್, ಸಾವು, ಕರ್ಫ್ಯೂ. ನನಗೆ ಹನ್ನೊಂದು ವರ್ಷ. ಆ ವಾರ ಓಣಿಯಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಖಾಲಾನ ಮನೆ ಬಾಗಿಲು ಮುಚ್ಚಿತ್ತು, ನಮ್ಮದೂ ಮುಚ್ಚಿತ್ತು. ಒಂದು ರಾತ್ರಿ ನಳ ಸುಸ್ ಅಂದಿತು. ಸ್ವಲ್ಪ ಹೊತ್ತು ಯಾರೂ ಹೊರಗೆ ಬರಲಿಲ್ಲ. ಆಮೇಲೆ ಅವ್ವ ಕೊಡ ತೆಗೆದುಕೊಂಡು ಹೋದಳು, ಅಷ್ಟರಲ್ಲಿ ಖಾಲಾ. ಇಬ್ಬರೂ ಮಾತಿಲ್ಲದೆ ನಿಂತರು. ಎರಡನೇ ಕೊಡ ಇಡುವಾಗ ಖಾಲಾ, "ನಿಂದು ಆತಲ್ಲ, ಸರಿ ಅತ್ತಾಗ" ಅಂದಳು. ಅವ್ವ, "ಎಲ್ಲಿ ಆತು, ಕಣ್ಣಿಲ್ಲೇನ್ ನಿನಗ" ಅಂದಳು. ಶುರುವಾಯಿತು. ಅರ್ಧ ತಾಸು ಮನಸಾರೆ ಜಗಳಾಡಿದರು, ಆದರೆ ಆ ವಾರ ಊರಿಡೀ ಕೇಳುತ್ತಿದ್ದ ಒಂದು ಶಬ್ದವೂ ಇಬ್ಬರ ಬಾಯಲ್ಲೂ ಬರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಅವತ್ತು ಆ ಜಗಳ ಕೇಳಿ ನಿದ್ದೆ ಬಂತು.

ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಗೆಳೆಯ ಮೆಲ್ಲಗೆ ಕೇಳಿದ: "ಎಲ್ಲಾ ಖರೇ. ನಿಮ್ಮಪ್ಪಂದು, ನಿಮ್ಮ ಕಾಕಾಂದು ಏನು? ಅಲ್ಲೇನು ನೀರಿನ ಬರ ಇತ್ತು?"

ಇದಕ್ಕೆ ನನ್ನ ಹತ್ತಿರ ತಯಾರಿ ಉತ್ತರ ಇರಲಿಲ್ಲ. ನಮ್ಮದು ಹದಿನಾಲ್ಕು ಎಕರೆ. ಅಜ್ಜ ಹೋದಮೇಲೆ ಬಾಯಿಮಾತಿನ ವಾಟ್ನಿಯಲ್ಲಿ ಏಳೇಳು ಎಕರೆ ಆಯಿತು. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ನೌಕರಿ, ಹೊಲ ಪಾಲಿಗೆ ಕೊಟ್ಟಿದ್ದ. ಕಾಕಾ ಊರಲ್ಲೇ ಇದ್ದು ಉಳುತ್ತಿದ್ದ. 1998ರ ಸುಮಾರಿಗೆ ಬದುವಿನ ಜಗಳ ಹತ್ತಿತು. ಎರಿ ಹೊಲದಲ್ಲಿ ಬದು ಅಂದರೆ ಏನು? ಮಳೆ ಬಂದರೆ ಅರ್ಧ ಕೊಚ್ಚಿ ಹೋಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ವರ್ಷಕ್ಕೊಂದು ಸಾಲು ಆಚೆ ಈಚೆ ಆಗಿಯೇ ಆಗುತ್ತದೆ. ಕಾಕಾ ಒಂದು ಗುಂಟೆ ಒತ್ತಿದ್ದಾನೆ ಅಂತ ಅಪ್ಪ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅದರಲ್ಲಿ ಬೆಳೆಯುವ ಹೆಸರು ಮಾರಿದರೆ ಹುಬ್ಬಳ್ಳಿಯಿಂದ ಊರಿಗೆ ಹೋಗಿ ಬರುವ ಬಸ್ಸಿನ ಖರ್ಚೂ ಹುಟ್ಟುವುದು ಕಷ್ಟ. ಆದರೂ ಇಬ್ಬರೂ ಮಾತು ಬಿಟ್ಟರು, ವಕೀಲರನ್ನು ಹಿಡಿದರು, ತಾರೀಖಿಗೆ ತಾರೀಖು ಓಡಾಡಿದರು.

ಕೊನೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿದರು. ಮೋಜಣಿಯವರು ಬಂದು ಸರಪಳಿ ಹಾಕಿ ಅಳೆದರು. ಪಡುವಣ ತುದಿಯಲ್ಲಿ ಕಾಕಾ ಮುಕ್ಕಾಲು ಗುಂಟೆ ಒತ್ತಿದ್ದ, ಮೂಡಣ ತುದಿಯಲ್ಲಿ ನಮ್ಮ ಪಾಲಿನವನು ಹೆಚ್ಚುಕಡಿಮೆ ಅಷ್ಟೇ ಒತ್ತಿದ್ದ. ಬದು ಸೊಟ್ಟ ಇತ್ತು, ಅಷ್ಟೆ. ಲೆಕ್ಕ ಸರಿಸಮ. ಅಲ್ಲಿಗೆ ಮುಗಿಯಬೇಕಿತ್ತು. ಬೇವಿನ ಗಿಡದ ಕೆಳಗೆ ನಿಂತು ಅಪ್ಪ ಹೇಳಿದ: "ಭೂಮಿ ಬ್ಯಾಡ ನನಗ. ಅಂವ ತಪ್ಪಾತು ಅನ್ಲಿ, ಸಾಕು." ಕಾಕಾ ಅಲ್ಲೇ ಹತ್ತು ಮಾರು ದೂರದಲ್ಲಿ ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದ. ಕೇಳಿಸಿತ್ತು, ಏಳಲಿಲ್ಲ.

ಆ ಹತ್ತು ಮಾರಿನಲ್ಲಿ ನನ್ನ ಗೆಳೆಯ ಗೆಲ್ಲುತ್ತಾನೆ. ಅದಕ್ಕೆ ಯಾವ ಪೈಪು ಹಾಕುತ್ತೀರಿ? ನೀರಿನ ಹಾಗೆ ಮರ್ಯಾದೆಯನ್ನು 24 ತಾಸೂ ಬಿಡಲು ಬರುವುದಿಲ್ಲ, ಅಣ್ಣನಿಗೆ ಒಂದು ಕೊಡ ಜಾಸ್ತಿ ಸಿಕ್ಕರೆ ತಮ್ಮನಿಗೆ ಒಂದು ಕೊಡ ಕಡಿಮೆ ಆದ ಹಾಗೆಯೇ ಅನಿಸುತ್ತದೆ. ನನ್ನಲ್ಲೂ ಅದು ಇದೆ. ಕಾಕಾನ ಹುಡುಗ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದಾಗ ಹೊಟ್ಟೆಯಲ್ಲಿ ಉರಿದದ್ದು ಇವತ್ತಿಗೂ ನೆನಪಿದೆ, ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. 1651ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಬಿಸಿ ಆರುವ ಮೊದಲೇ ಬರೆದ ತತ್ವಜ್ಞಾನಿ ಹಾಬ್ಸ್, ಜನ ಬಡಿದಾಡುವ ಕಾರಣಗಳಲ್ಲಿ ಲಾಭ ಮತ್ತು ಭಯದ ಜೊತೆ ಕೀರ್ತಿಯ ಆಸೆಯನ್ನೂ ಸೇರಿಸಿದ್ದ. ನೂರು ವರ್ಷ ಬಿಟ್ಟು, 1755ರಲ್ಲಿ, ಮೊದಲು ಬೇಲಿ ಹಾಕಿ ಇದು ನನ್ನದು ಅಂದವನಿಂದಲೇ ಎಲ್ಲ ಕೇಡು ಶುರುವಾಯಿತು ಅಂದವನು ಇನ್ನೊಬ್ಬ ತತ್ವಜ್ಞಾನಿ ರೂಸೋ. ಇಬ್ಬರನ್ನೂ ನಮ್ಮ ಹೊಲಕ್ಕೆ ಕರೆತಂದಿದ್ದರೆ ಒಬ್ಬ ಅಪ್ಪನನ್ನು ತೋರಿಸುತ್ತಿದ್ದ, ಇನ್ನೊಬ್ಬ ಬದು ತೋರಿಸುತ್ತಿದ್ದ.

ಆದರೆ ಇಬ್ಬರೂ ಹೆಂಗಸರನ್ನು ನೋಡುತ್ತಿರಲಿಲ್ಲ. ಗಂಡಸರು ಮಾತು ಬಿಟ್ಟ ಅಷ್ಟೂ ವರ್ಷ ಅವ್ವನೂ ಚಿಗವ್ವನೂ ಕದ್ದು ಭೇಟಿಯಾಗುತ್ತಿದ್ದರು. ಚಿಗವ್ವ ಹುಬ್ಬಳ್ಳಿಗೆ ಪ್ಯಾಟಿಗೆ ಅಂತ ಬರುವುದು, ಅವ್ವ ದುರ್ಗದಬೈಲಿಗೆ ಕಾಯಿಪಲ್ಲೆಗೆ ಅಂತ ಹೋಗುವುದು. ಕೈಚೀಲದಲ್ಲಿ ಕಡಲೆ, ಹೆಸರು, ಶೇಂಗಾ ಹಿಂಡಿ ಬದಲಾಗುತ್ತಿದ್ದವು. ಹೆಂಗಸರ ಮನಸ್ಸೇ ದೊಡ್ಡದು ಅಂತ ನಾನು ಬಹಳ ದಿನ ನಂಬಿದ್ದೆ. ಸುಳ್ಳು. ನಳದ ಮುಂದೆ ಅವ್ವನನ್ನು ನೋಡಿದವನು ನಾನು. ಹೊಲದ ಉತಾರದಲ್ಲಿ ಅವ್ವನ ಹೆಸರೂ ಇರಲಿಲ್ಲ, ಚಿಗವ್ವನ ಹೆಸರೂ ಇರಲಿಲ್ಲ. ಬದು ಅವರದಾಗಿದ್ದರೆ ತಾನೆ ಬದುವಿಗೆ ಜಗಳ?

ಅತ್ತೆಯ ಹೆಸರು ಇರಬಹುದಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಆಯಿತು. ನಮ್ಮ ವಾಟ್ನಿ ನೋಂದಣಿ ಆಗಿರಲಿಲ್ಲ. ಮರುವರ್ಷ ಒಂದು ದಿನ, ಎಂಟು ವರ್ಷ ಮಾತಾಡದ ಅಪ್ಪ ಮತ್ತು ಕಾಕಾ ಒಂದೇ ಟಂಟಂನಲ್ಲಿ ಅತ್ತೆಯನ್ನು ನಡುವೆ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರು. ನಾನೂ ಹಿಂದಿನ ಸೀಟಿನಲ್ಲಿ ಇದ್ದೆ, ಸಾಕ್ಷಿ ಸಹಿಗೆ. ಹಕ್ಕು ಬಿಟ್ಟ ಪತ್ರಕ್ಕೆ ಅತ್ತೆ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದರು, ರೊಕ್ಕ ಕಾಕಾ ಕೊಟ್ಟ. ಒಂದು ಮಾತು ಏರಲಿಲ್ಲ. ನಮ್ಮ ಮನೆತನದಲ್ಲಿ ಅಷ್ಟು ಶಾಂತವಾದ ದಿನ ನಾನು ಇನ್ನೊಂದು ನೋಡಿಲ್ಲ.

ಅಪ್ಪ ಹೋದಮೇಲೆ ಆ ಏಳು ಎಕರೆಯ ಉತಾರದಲ್ಲಿ ಈಗ ನನ್ನ ಹೆಸರಿದೆ. ಇದನ್ನು ಮಾತ್ರ ಉಣಕಲ್ ಕೆರೆಯ ಮೇಲೆ ಗೆಳೆಯನಿಗೆ ನಾನು ಹೇಳಲಿಲ್ಲ.

ಅತ್ತೆ ಪ್ರತಿ ನಾಗರಪಂಚಮಿಗೆ ತವರಿಗೆ ಅಂತ ನಮ್ಮ ಮನೆಗೆ ಬರುತ್ತಾಳೆ. ಈ ಸಲವೂ ಬಂದಳು. ಅಡಿಗೆಮನೆಯಲ್ಲಿ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಳು, ಅವ್ವ ಒಳಗೆ ಮಲಗಿದ್ದಳು. ನಾನು ಕೇಳಿಯೇಬಿಟ್ಟೆ. "ಅತ್ತಿ, ಅವತ್ತ ಹೆಬ್ಬೆಟ್ಟು ಒತ್ತುವಾಗ ನಿನಗ ಸಿಟ್ಟು ಬರಲಿಲ್ಲೇನು?"

ಅವಳು ಉಂಡಿ ಕಟ್ಟುವುದು ನಿಲ್ಲಿಸಲಿಲ್ಲ. "ಬಂದಿತ್ತು ತಮ್ಮಾ. ಯಾರ ಮ್ಯಾಲ ಮಾಡ್ಲಿ ಅಂತ ತಿಳೀಲಿಲ್ಲ."

ಆಮೇಲೆ ಪಾಕ ಗಟ್ಟಿಯಾಗುತ್ತಿದೆ, ಬೇಗ ಬೇಗ ಕೈ ಹಚ್ಚು ಅಂದಳು. ನಾನು ಕೈ ತೊಳೆದುಕೊಂಡು ಕೂತೆ. ಉತಾರದ ಮಾತು ಎತ್ತಲಿಲ್ಲ.